ಎಂಬತ್ತು ಪೈಸೆಯ ಹಡಗು

ಧನಗೆರೆ
9 ಜೂನ್ 2025

ಮಗಳು ರಂಜನಿಗೆ ನಿನ್ನ ದೊಡ್ಡವ್ವ ಪುಟ್ಟಗೌರಮ್ಮ ಮಾಡುವ ಆಶೀರ್ವಾದ.

ಹೇಗಿದ್ದೀಯ? ಹಡಗಿನ ಇಂಜಿನ್ ರೂಮಿನ ಶಾಖಕ್ಕೆ ಅಂಗೈಯಲ್ಲಿ ಎದ್ದಿದ್ದ ಬೊಕ್ಕೆ ಆರಿತೇ? ನಿಮ್ಮ ಚೀಫ್ ಇಂಜಿನಿಯರ್ ಸೆಲ್ವಂ ಅವರ ಮಂಡಿನೋವು ಹೇಗಿದೆ? ತಾಳವಾಡಿ ಕಡೆಯವರು, ನಿನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾರೆ ಎಂದು ನೀನು ಬರೆದಾಗಿನಿಂದ ಅವರೂ ನಮ್ಮ ಪೈಕಿಯೇ ಅನ್ನಿಸಿಬಿಟ್ಟಿದೆ. ಅಡುಗೆಯ ತೋಮಸ್ ಅವರ ಕೆಮ್ಮು ನಿಂತಿತೇ? ಕ್ಯಾಪ್ಟನ್ನರ ಹೆಸರು ನನ್ನ ಕೈಯಲ್ಲಿ ಬರೆಯಲಾಗದು, ಅವರನ್ನೂ ಕೇಳಿದೆ ಅನ್ನು. ಯಳಂದೂರಿನಲ್ಲಿ ನಿನ್ನ ಅವ್ವ ಶಿವರತ್ನ, ಅಪ್ಪ ಶಾಂತಮೂರ್ತಿ ಚೆನ್ನಾಗಿದ್ದಾರೆ. ನಾನು ಎದ್ದು ಕೂತು ಓಡಾಡಿಕೊಂಡಿದ್ದೇನೆ, ಎಪ್ಪತ್ತೊಂದಕ್ಕೆ ಇನ್ನೇನು ಬೇಕು.

ನೀನು ಕಳಿಸಿದ ಸಪ್ತವೇಣಿ ಶಿಪ್ಪಿಂಗ್ ಕಂಪನಿಯ ವರ್ಷದ ಲೆಕ್ಕ ಬಂತು. ಕೊಳ್ಳೇಗಾಲದ ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿರುವ ಮಾಲಿನಿ ನಲವತ್ತು ಹಾಳೆ ಪ್ರಿಂಟ್ ತೆಗೆದುಕೊಟ್ಟಳು. ನನ್ನ ಕಾಗದಗಳನ್ನು ಫೋಟೋ ಹೊಡೆದು ನಿನ್ನ ಫೋನಿಗೆ ಕಳಿಸುವವಳೂ ಅವಳೇ ಅಲ್ಲವೇ. "ಸಮುದ್ರುಕ್ಕೆ ಕಾಗ್ದ ಆಕೋ ಗಿರಾಕಿ ಈ ಊರ್ಗೆಲ್ಲ ನೀವೊಬ್ರೇ ಕಣಮ್ಮ. ಹಡಗು ಕೊಂಡ್ಕತೀರಾ ಎಂಗೆ?" ಅಂದಳು. "ಕೊಂಡ್ರೆ ಎಲ್ಲವ್ವ ಕಟ್ಟಾಕದು, ಕೊಟ್ಟಿಗೇಲಿ ಎಮ್ಮೆ ಅದೆ" ಅಂದೆ.

"ಈ ಕಂಪನಿ ಹೇಗಿದೆ, ನೋಡಿ ಹೇಳು ದೊಡ್ಡವ್ವ" ಎಂದು ಒಂದೇ ಸಾಲು ಬರೆದಿದ್ದೀಯ. ಯಾಕೆ ಎಂದು ಬರೆದಿಲ್ಲ. ಉಳಿಸಿದ ದುಡ್ಡಿನಲ್ಲಿ ಅದರ ಷೇರು ಕೊಳ್ಳುವ ಆಸೆ ಇರಬೇಕು ಎಂದುಕೊಂಡೆ. ನಾನು ಏಳನೇ ಕ್ಲಾಸಿನವಳು. ಲೆಕ್ಕಪತ್ರ ಓದಲು ಕಲಿತದ್ದು ರೇಷ್ಮೆ ನೂಲಿನ ಕಟ್ಟು ಸುತ್ತಲು ತರುತ್ತಿದ್ದ ಹಳೇ ಇಂಗ್ಲಿಷ್ ಪೇಪರಿನಿಂದ, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು. ಹಾಗಾಗಿ ನಾನು ನೋಡುವುದು ಒಂದನ್ನೇ. ಒಂದು ವರ್ಷದೊಳಗೆ ಕೊಡಬೇಕಾದದ್ದು ಎಷ್ಟು, ಕೈಯಲ್ಲಿ ಮತ್ತು ಬ್ಯಾಂಕಿನಲ್ಲಿ ಇರುವ ನಗದು ಎಷ್ಟು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸು. ಇದಕ್ಕೆ ಕ್ಯಾಶ್ ರೇಶಿಯೋ ಅನ್ನುತ್ತಾರೆ. ಬರಬೇಕಾದ ಬಾಡಿಗೆ, ಟ್ಯಾಂಕಿನಲ್ಲಿರುವ ಎಣ್ಣೆ, ಸ್ವಂತದ ಹನ್ನೊಂದು ಹಡಗು, ಯಾವುದನ್ನೂ ಸೇರಿಸಬಾರದು. ಕೊಟ್ಟ ಸಾಲ ವಾಪಸು ಕೇಳಲು ಬಂದವನಿಗೆ ಹಡಗಿನ ಒಂದು ತುಂಡು ಮುರಿದುಕೊಡಲು ಆಗುತ್ತದೆಯೇ?

ನಿಮ್ಮ ಕಂಪನಿ ಕೊಡಬೇಕಾದದ್ದು ಇನ್ನೂರ ಅರವತ್ತೈದು ಕೋಟಿ. ಇರುವ ನಗದು ಇನ್ನೂರ ಹನ್ನೆರಡು. ಕೊಡಬೇಕಾದ ಒಂದೊಂದು ರೂಪಾಯಿಗೆ ಎಂಬತ್ತು ಪೈಸೆ ಕೈಯಲ್ಲೇ ಇದೆ. ದಿನಾ ಬಾಡಿಗೆ ಬರುವ ವ್ಯಾಪಾರಕ್ಕೆ ಪೂರಾ ರೂಪಾಯಿ ಬೇಕಿಲ್ಲ. ಎಂಬತ್ತು ಬಹಳ ಚೆನ್ನಾಯಿತು. ಹೆದರಬೇಡ.

ನಿನ್ನ ಹಡಗು 'ಸಪ್ತವೇಣಿ ಗೌರಿ'ಯ ಹೆಸರು ಆ ಹಾಳೆಗಳಲ್ಲೂ ಕಂಡಿತು. ನನ್ನ ಹೆಸರಿನ ಹಡಗು. ಮೊನ್ನೆ ಮಧ್ಯಾಹ್ನ ತೂಕಡಿಸುವಾಗ ಅದು ನಮ್ಮ ಊರ ಕೆರೆಗೆ ಬಂದು ನಿಂತಿತ್ತು. ಕೆರೆ ಇದ್ದಷ್ಟೇ ಇತ್ತು, ಹಡಗೂ ಇದ್ದಷ್ಟೇ ಇತ್ತು, ಆದರೂ ಹಿಡಿಸಿತ್ತು. ನೀನು ಮೇಲಿನಿಂದ ಬಗ್ಗಿ ಏನೋ ಕೂಗುತ್ತಿದ್ದೆ. ಬಿಸಿನೀರಿನ ಬೇಸಿನ್ನಿನಲ್ಲಿ ರೇಷ್ಮೆ ಗೂಡುಗಳು ಹಗೂರ ತಿರುಗುತ್ತ ತೇಲುತ್ತವಲ್ಲ, ಹಾಗೆ ಹಡಗು ತಿರುಗುತ್ತಿತ್ತು. ಏನು ಕೂಗಿದೆ ಎಂದು ಕೇಳಿಸಲಿಲ್ಲ.

ನಿನ್ನ
ದೊಡ್ಡವ್ವ


ಸಪ್ತವೇಣಿ ಗೌರಿ, ಹೊರಲಂಗರು
28 ಜೂನ್ 2025

ದೊಡ್ಡವ್ವನಿಗೆ ರಂಜನಿಯ ನಮಸ್ಕಾರ.

ನೀರು ತಂದ ದೋಣಿಯವನ ಫೋನಿನ ನೆಟ್ ಹಿಡಿದು ನನ್ನ ಮೆಸೇಜುಗಳನ್ನು ತೆಗೆದು ಓದಿದೆ, ಅಷ್ಟರಲ್ಲಿ ಸಿಗ್ನಲ್ ಹೋಯಿತು. ಇದನ್ನು ಅವನ ಕೈಲೇ ಕೊಡುತ್ತಿದ್ದೇನೆ, ದಡಕ್ಕೆ ಹೋಗಿ ಕಳಿಸುತ್ತಾನೆ. ನಮ್ಮ ಹಡಗಿನ ಇಂಟರ್ನೆಟ್ ಕೆಟ್ಟಿದೆ.

ಬಂದರಿನ ಹೊರಗೆ ಲಂಗರು ಹಾಕಿ ಹದಿನೈದು ದಿನದಿಂದ ನಿಂತಿದ್ದೇವೆ. ನಿಂತ ಹಡಗು ಹೇಗಿರುತ್ತದೆ ಎಂದು ನಿನಗೆ ಹೇಳಬೇಕು. ಇಂಜಿನ್ನಿನ ಸದ್ದಿಗೆ ಒಗ್ಗಿಹೋದ ಕಿವಿ ಆ ಸದ್ದನ್ನು ಹುಡುಕುತ್ತಿರುತ್ತದೆ. ಬೆಳಿಗ್ಗೆ ಸಮುದ್ರಕ್ಕೆ ಬಣ್ಣವೇ ಇರುವುದಿಲ್ಲ, ಆಕಾಶಕ್ಕೂ ಇರುವುದಿಲ್ಲ, ಎರಡರ ನಡುವೆ ಗೆರೆ ಎಲ್ಲಿ ಎಂದು ತಿಳಿಯುವುದಿಲ್ಲ. ಸುತ್ತ ಇನ್ನೂ ನಾಲ್ಕು ಹಡಗು ನಿಂತಿವೆ. ಗಾಳಿ ತಿರುಗಿದರೆ ಐದೂ ಒಟ್ಟಿಗೆ ಒಂದೇ ಕಡೆ ಮುಖ ಮಾಡುತ್ತವೆ, ಬಿಳಿಗಿರಿರಂಗನ ಬೆಟ್ಟದ ತಪ್ಪಲಲ್ಲಿ ಮೇಯುವ ದನಗಳು ಮಳೆ ವಾಸನೆಗೆ ತಿರುಗಿದ ಹಾಗೆ. ತೋಮಸಣ್ಣ ಮೂರು ಹೊತ್ತೂ ಗಂಜಿ ಮಾಡುತ್ತಾನೆ. "ಹೊಟ್ಟೆಗೆ ತಂಪು" ಅನ್ನುತ್ತಾನೆ. ಸೆಲ್ವಂ ಸಾರ್ ಮಂಡಿಗೆ ಎಣ್ಣೆ ತಿಕ್ಕಿಕೊಂಡು ತಾಳವಾಡಿಯ ಹುಣಸೆ ಮರಗಳನ್ನು ಒಂದೊಂದಾಗಿ ವರ್ಣಿಸುತ್ತಾರೆ. ನಿನ್ನ ಕೆರೆಯ ಕನಸು ಓದಿ ಹೇಳಿದೆ. "ಕೆರೆ ಏರಿ ಗಟ್ಟಿ ಅದಾ ಕೇಳವ್ವ, ನಮ್ದು ಮೂವತ್ ಸಾವ್ರ ಟನ್ನು" ಅಂದರು.

ಷೇರಲ್ಲ ದೊಡ್ಡವ್ವ. ನನ್ನ ಆರು ತಿಂಗಳ ಕರಾರು ಜುಲೈ ಇಪ್ಪತ್ತಕ್ಕೆ ಮುಗಿಯುತ್ತದೆ. ಇನ್ನೂ ಐದು ತಿಂಗಳು ಇರುವುದಾಗಿ ಸಹಿ ಹಾಕಿದರೆ ಥರ್ಡ್ ಇಂಜಿನಿಯರ್ ಮಾಡುತ್ತೇವೆ ಎಂದು ಕಂಪನಿ ಕಾಗದ ಕಳಿಸಿದೆ. ಅದಕ್ಕೇ ಕೇಳಿದ್ದು. ನಿನ್ನ ಎಂಬತ್ತು ಪೈಸೆ ಓದಿ ಎದೆ ಹಗುರವಾಯಿತು. ಸೆಲ್ವಂ ಸಾರಿಗೂ ತೋರಿಸಿದೆ, ಅವರು ಎರಡು ಸಲ ಓದಿಸಿಕೊಂಡರು. ಸಹಿ ಹಾಕುವವಳಿದ್ದೇನೆ.

ಸುಮ್ಮನೆ ಕೇಳುತ್ತೇನೆ, ನಿನ್ನ ನೂಲು ಬಿಚ್ಚುವ ಮನೆಯಲ್ಲಿ ಸಂಬಳ ಯಾವತ್ತು ಕೊಡುತ್ತಿದ್ದೆ? ತಡವಾಗುತ್ತಿತ್ತೇ?

ಅವ್ವನಿಗೆ ನಾನು ಚೆನ್ನಾಗಿ ಊಟ ಮಾಡುತ್ತಿದ್ದೇನೆ ಎಂದು ಹೇಳು.

ರಂಜನಿ


ಧನಗೆರೆ
3 ಜುಲೈ 2025

ಮಗ ರಂಜನಿ,

ಈ ಕಾಗದ ಓದುವ ತನಕ ಸಹಿ ಹಾಕಬೇಡ. ಕುಶಲ ಆಮೇಲೆ ಕೇಳುತ್ತೇನೆ.

ನಿನ್ನ ಕಡೆಯ ಪ್ರಶ್ನೆ ಎರಡು ದಿನ ನನ್ನ ಹಿಂದೆ ಹಿಂದೆಯೇ ಓಡಾಡಿತು. ಸುಮ್ಮನೆ ಯಾರೂ ಸಂಬಳದ ದಿನ ಕೇಳುವುದಿಲ್ಲ. ನಿನ್ನೆ ಯಳಂದೂರಿಗೆ ಹೋದೆ. ನಿನ್ನ ಅವ್ವ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದಳು. "ರಂಜಿ ದುಡ್ಡು ಕಳ್ಸವ್ಳಾ?" ಅಂದೆ. ತಲೆ ಎತ್ತಲಿಲ್ಲ. "ಮಾರ್ಚಲ್ಲಿ ಕಳ್ಸಿದ್ದೇ ಕಡೆ. ನಿಂಗೇಳ್ಬೇಡ ಅಂದವ್ಳೆ ಕನಕ್ಕ" ಅಂದಳು. ನೀನು ನನಗೆ ಮುಚ್ಚಿಟ್ಟೆ, ಅವಳೂ ಮುಚ್ಚಿಟ್ಟಳು. ನಾನು ಷೇರು ಅಂದುಕೊಂಡು ಬೆಟ್ಟದ ಮೇಲಿನಿಂದ ನೋಡಿದ ಹಾಗೆ ಲೆಕ್ಕ ನೋಡಿಬಿಟ್ಟೆ.

ಮನೆಗೆ ಬಂದು ಹಾಳೆಗಳನ್ನು ಮತ್ತೆ ಹರಡಿದೆ. ತಪ್ಪು ನನ್ನದೇ. ಎಲ್ಲಿ ತಪ್ಪಿದೆ ಎಂದು ಹೇಳುತ್ತೇನೆ ಕೇಳು.

ನೂಲು ಬಿಚ್ಚಿಸುವ ನಾವು ರೀಲರುಗಳು ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಕೂಗುವ ಮುಂಚೆ ಮುಂಗಡ ಕಟ್ಟಬೇಕು. ಅದಕ್ಕೊಂದು ಚೀಟಿ ಕೊಡುತ್ತಿದ್ದರು. ಆ ಚೀಟಿ ಸೊಂಟದಲ್ಲಿದ್ದರೆ ದುಡ್ಡೇ ಸೊಂಟದಲ್ಲಿದೆ ಎಂದು ನಮ್ಮ ಲೆಕ್ಕ. ಸಂಜೆ ಡಬ್ಬಿ ಎಣಿಸುವಾಗ ನೋಟಿನ ಜೊತೆ ಅದನ್ನೂ ಸೇರಿಸಿ ಎಣಿಸುತ್ತಿದ್ದೆವು. ಮೂವತ್ತು ವರ್ಷದ ಅಭ್ಯಾಸ. ನಿಮ್ಮ ಕಂಪನಿಯ ಇನ್ನೂರ ಹನ್ನೆರಡು ಕೋಟಿಯನ್ನೂ ಹಾಗೇ ಎಣಿಸಿದೆ. ಹದಿನಾಲ್ಕನೇ ಟಿಪ್ಪಣಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಅದರೊಳಗೆ ನೂರ ಅರವತ್ತನಾಲ್ಕು ಕೋಟಿ ಬ್ಯಾಂಕಿಗೆ ಅಡ ಇಟ್ಟ, ಸಾಲ ತೀರುವ ತನಕ ಮುಟ್ಟಲಾಗದ ಠೇವಣಿ ಎಂದು ಬರೆದಿದೆ. ಅದು ಕಣ್ಣಿಗೆ ಬಿದ್ದಿತ್ತು ಮಗ. ಬಿದ್ದರೂ ಚೀಟಿ ಅಂದುಕೊಂಡೆ. ಚೀಟಿಯಿಂದ ಗೂಡು ಬರುತ್ತದೆಯೇ ಹೊರತು ಆಳಿಗೆ ಕೂಲಿ ಬರುವುದಿಲ್ಲ.

ಅದನ್ನು ಕಳೆದರೆ ಉಳಿಯುವುದು ನಲವತ್ತೆಂಟು. ರೂಪಾಯಿಗೆ ಹದಿನೆಂಟು ಪೈಸೆ. ಹೋದ ವರ್ಷದ ಸಾಲಿನಲ್ಲೂ ಹೀಗೇ ಕಳೆದು ನೋಡಿದೆ, ಐವತ್ತೆರಡು ಪೈಸೆ ಇತ್ತು. ಹದಿನೆಂಟು ಪೈಸೆಯಲ್ಲೂ ಬಾಳುವ ಹಡಗಿನ ಕಂಪನಿ ಇರಬಹುದು, ಬಾಡಿಗೆ ಸರಿಯಾಗಿ ಬರುತ್ತಿದ್ದರೆ. ಆದರೆ ಇವರ ಹಡಗು ನಿಂತಿದೆ, ಸಂಬಳ ನಿಂತಿದೆ, ಸೆಪ್ಟೆಂಬರಿನಲ್ಲಿ ಸಾಲದ ದೊಡ್ಡ ಕಂತು ಬೇರೆ ಕಟ್ಟಬೇಕು. ನಿನಗೆ ಕೊಡುವ ಬಡ್ತಿಗೆ ಅವರಿಗೆ ಖರ್ಚಿಲ್ಲ. ಕಾಗದದ ಮೇಲೆ ಒಂದು ಸಾಲು.

ಈಗ ನಿನ್ನ ಪ್ರಶ್ನೆಗೆ ಉತ್ತರ. ಶನಿವಾರ ಶನಿವಾರ ಸಂಬಳ ಕೊಡುತ್ತಿದ್ದೆ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ತೊಂಬತ್ತೆಂಟರಲ್ಲಿ ಹನ್ನೊಂದು ಶನಿವಾರ ಕೊಡಲಿಲ್ಲ. ನೂಲಿನ ರೇಟು ಬಿದ್ದಿತ್ತು, ಮಾರದೆ ಇಟ್ಟಿದ್ದೆ, ಗೋಡೌನ್ ತುಂಬ ರೇಷ್ಮೆ. ಕೌದಳ್ಳಿಯ ಕೆಂಪಾಜಮ್ಮ ನನ್ನ ಮೂರನೇ ಬೇಸಿನ್ನಿನವಳು, ಅವಳಷ್ಟು ಬೇಗ ಗೂಡಿನ ಎಳೆ ಹುಡುಕುವವರು ಕೊಳ್ಳೇಗಾಲದಲ್ಲಿ ಇರಲಿಲ್ಲ. ಮಿಕ್ಕವರು ಬಿಟ್ಟುಹೋದರೂ ಅವಳು ಹನ್ನೊಂದು ವಾರ ಬಂದಳು. ಪ್ರತಿ ಶನಿವಾರ ನಾನು ಗೋಡೌನಿನ ಬಾಗಿಲು ತೆಗೆದಿಡುತ್ತಿದ್ದೆ, ಅವಳಿಗೆ ಕಾಣಲಿ ಎಂದು. ಬಾಯಲ್ಲಿ ಸುಳ್ಳು ಹೇಳಲಿಲ್ಲ. ಬಾಗಿಲು ತೆಗೆದಿಟ್ಟೆ, ಅಷ್ಟೇ. ಕೊನೆಗೆ ಪೂರಾ ಕೊಟ್ಟೆ. ಕೊಡುವ ಹೊತ್ತಿಗೆ ನೂಲು ಬಿಚ್ಚುವ ಸರ್ಕಾರಿ ಕಾರ್ಖಾನೆ ಫಿಲೇಚರಿನಲ್ಲಿ ಅವಳಿಗೆ ಬಂದಿದ್ದ ಖಾಯಂ ಕೆಲಸ ಬೇರೆಯವರ ಪಾಲಾಗಿತ್ತು. ನನಗೋಸ್ಕರ ಅದನ್ನು ಬೇಡ ಅಂದಿದ್ದಳು.

ಕ್ಯಾಶ್ ರೇಶಿಯೋ ನಾನು ಕಲಿತದ್ದು ಅದಾದ ಮೇಲೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಇಳಿದುಬಿಡು. ಇಪ್ಪತ್ತಕ್ಕೆ ಕರಾರು ಮುಗಿದ ಮೇಲೆ ನಿನ್ನನ್ನು ಹಿಡಿಯುವ ಹಕ್ಕು ಯಾರಿಗೂ ಇಲ್ಲ.

ದೊಡ್ಡವ್ವ


ಧನಗೆರೆ
12 ಜುಲೈ 2025

ರಂಜಿ,

ಹೋದ ಕಾಗದ ನಿನಗೆ ಮುಟ್ಟಿಲ್ಲ. ಮಾಲಿನಿಯ ಫೋನಿನಲ್ಲಿ ಅದರ ಕೆಳಗೆ ಒಂದೇ ಟಿಕ್ಕಿದೆ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ನೋಡುತ್ತೇನೆ. "ಯಾಕಮ್ಮ ಸುಮ್ಕೆ ಬಸ್ಸಲ್ಲಿ ಅಲೀತೀರಾ, ಎರಡ್ ಟಿಕ್ ಬಿದ್ರೆ ನಾನೇ ಫೋನ್ ಮಾಡ್ತೀನಿ" ಅನ್ನುತ್ತಾಳೆ. ನಾನು ಹೋಗುವುದು ಬಿಡುವುದಿಲ್ಲ, ಅವಳು ಸ್ಟೂಲು ಎಳೆದು ಹಾಕುವುದು ಬಿಡುವುದಿಲ್ಲ.

ನಿನ್ನೆ ಬಸ್ ನಿಲ್ದಾಣದಲ್ಲಿ ಕೂತಿದ್ದವಳು ಕೌದಳ್ಳಿ ಮೇಲೆ ಹೋಗುವ ಬೆಟ್ಟದ ಬಸ್ಸು ಬಂದದ್ದೇ ಹತ್ತಿಬಿಟ್ಟೆ. ಹನೂರು ದಾಟಿದ ಮೇಲೆ ಎರಡೂ ಕಡೆ ಗುಡ್ಡ ಅಲೆ ಅಲೆಯಾಗಿ ಎದ್ದು ಬಂತು. ಕಿಟಕಿಗೆ ತಲೆ ಕೊಟ್ಟಿದ್ದೆ. ಸಮುದ್ರ ನೋಡದ ನನ್ನ ಕಣ್ಣಿಗೆ ಅದೇ ಸಮುದ್ರ. ಎಷ್ಟೋ ಹೊತ್ತು ಬಸ್ಸು ನಿಂತೇ ಇದೆ, ಗುಡ್ಡಗಳೇ ತೇಲಿ ಹೋಗುತ್ತಿವೆ ಅನ್ನಿಸಿತು. ಕೌದಳ್ಳಿಯಲ್ಲಿ ಇಳಿದು ಕೆಂಪಾಜಮ್ಮನ ಮನೆ ಕೇಳಿಕೊಂಡು ಹೋದೆ. ಇಪ್ಪತ್ತೇಳು ವರ್ಷವಾಗಿತ್ತು. ಜಗಲಿಯ ಮೇಲೆ ಅವರೆಕಾಳು ಹಸನು ಮಾಡುತ್ತಿದ್ದಳು. ಬೆರಳ ತುದಿಗಳು ಈಗಲೂ ಬಿಸಿನೀರಲ್ಲಿ ಬೆಂದ ಹಾಗೆ ಬೆಳ್ಳಗಿವೆ.

"ಗೌರಮ್ನೋರಾ? ದಾರಿ ತಪ್ಪಿ ಬಂದ್ರಾ?" ಅಂದಳು.

"ತಪ್ಪೇ ಇಡ್ಕಂಡು ಬಂದೆ ಕನವ್ವ" ಅಂದೆ. ಬಾಗಿಲಿನ ವಿಷಯ, ನಿನ್ನ ವಿಷಯ ಎರಡೂ ಹೇಳಿದೆ.

ಅವಳು ಮೊರ ಕೊಡವಿದಳು. "ಅದು ಗೊತ್ತಿತ್ತು. ಬಾಗ್ಲು ತಗ್ದಿದ್ದು ಯಾಕೆ ಅಂತ ಮೂರ್ನೇ ವಾರುಕ್ಕೇ ಗೊತ್ತಾಯ್ತು."

"ಗೊತ್ತಿದ್ದೂ ಯಾಕ್ ಬಂದೆ?"

"ಇಷ್ಟ್ ದಿನ ಕಾದಿವ್ನಿ, ಈಗ ಬುಟ್ರೆ ಕಾದದ್ದೆಲ್ಲ ದಂಡ ಆಯ್ತದೆ ಅನ್ಕಂಡು ಬಂದೆ. ವಾರ ವಾರವೂ ಅಂಗೇ ಅನ್ಕಂಡೆ. ನೀವು ಒಂದ್ ಸಲ, ಕೆಂಪಿ, ಕೈಲಿ ಇಲ್ಲ ಓಗು ಅಂದಿದ್ರೆ ಎದ್ದೋಗಿರ್ತಿದ್ದೆ."

ಆಮೇಲೆ ಒಳಗೆ ಕರೆದು ಮುದ್ದೆ ಹಾಕಿದಳು. ತುಪ್ಪ ಬಡಿಸುವಾಗ, "ಸಮುದ್ರದಲ್ಲಿರೋ ಮಗೀಗೆ ಇದ್ನ ಬರೀರಿ" ಅಂದಳು. ಅದಕ್ಕೇ ಬರೆಯುತ್ತಿದ್ದೇನೆ. ಬಾಕಿ ಬರಲಿ ಎಂದು ಕಾಯಬೇಡ. ಅದು ಎಳೆ ಮುಗಿದ ಗೂಡು, ಎಷ್ಟು ತಿರುಗಿಸಿದರೂ ಬರುವುದಿಲ್ಲ.

ದೊಡ್ಡವ್ವ


ಮುಂಬೈ, ನಾವಿಕರ ವಸತಿ
24 ಜುಲೈ 2025

ದೊಡ್ಡವ್ವ,

ನೆಲದ ಮೇಲಿದ್ದೇನೆ. ನಡೆದರೆ ಇನ್ನೂ ತೂಗುತ್ತದೆ.

ನಿನಗೆ ಮುಚ್ಚಿಟ್ಟದ್ದನ್ನು ಮೊದಲು ಹೇಳುತ್ತೇನೆ. ಮಾರ್ಚಿನಿಂದ ಯಾರಿಗೂ ಸಂಬಳವಿಲ್ಲ. ಇಂಟರ್ನೆಟ್ ಕೆಟ್ಟಿರಲಿಲ್ಲ, ಬಿಲ್ಲು ಕಟ್ಟದೆ ನಿಲ್ಲಿಸಿದ್ದರು. ಗಂಜಿ ಹೊಟ್ಟೆಯ ತಂಪಿಗಲ್ಲ. ಅಕ್ಕಿ ಬಿಟ್ಟು ಬೇರೆ ಇರಲಿಲ್ಲ. ಕಂಪನಿಯ ಮೇಲೆ ಅನುಮಾನ ಬಂದೇ ಲೆಕ್ಕ ಕಳಿಸಿದ್ದು. ಆದರೆ ಸಂಬಳ ಬಂದಿಲ್ಲ ಎಂದು ಬರೆದರೆ ನೀನು ಹೆದರಿ ಲೆಕ್ಕ ಕಡಿಮೆ ಹಾಕುತ್ತೀ, ಹೇಳದೆ ಇದ್ದರೆ ಇದ್ದದ್ದು ಇದ್ದ ಹಾಗೆ ಹೇಳುತ್ತೀ ಅಂದುಕೊಂಡೆ.

ಜುಲೈ ಆರಕ್ಕೆ ಸಹಿ ಹಾಕಿದೆ. ನಿನ್ನ ಎಂಬತ್ತು ಪೈಸೆಯ ಧೈರ್ಯದ ಮೇಲೆ. ಇದನ್ನು ನಿನಗೆ ಹೇಳಬಾರದು ಎಂದಿದ್ದೆ. ಆದರೆ ನೀನು ಬಾಗಿಲಿನ ವಿಷಯ ಹೇಳಿದ ಮೇಲೆ ನಾನು ಹೇಗೆ ಮುಚ್ಚಿಡಲಿ.

ಹತ್ತೊಂಬತ್ತರ ಮಧ್ಯಾಹ್ನ ನೀರು ತುಂಬಲು ಹಡಗನ್ನು ದಡದ ಹತ್ತಿರಕ್ಕೆ ತಂದರು. ಗ್ರೀಸ್ ಕೈಯಲ್ಲಿ ಮೇಲೆ ಬಂದು ನಿಂತಿದ್ದೆ, ಜೇಬಿನಲ್ಲಿ ಫೋನು ಒಂದೇ ಸಮ ನಡುಗಿತು. ಕೆಂಪಾಜಮ್ಮನವರ ಕಾಗದ ಮೊದಲು ತೆರೆಯಿತು, ಅದರ ಹಿಂದಿನದು ಆಮೇಲೆ. ಓದುತ್ತ ಓದುತ್ತ ನೀರು, ಹಡಗು, ದಡ ಎಲ್ಲ ನಿಂತುಹೋದವು. ಅವರು ಅಂದುಕೊಂಡದ್ದನ್ನೇ ನಾನೂ ಅಂದುಕೊಂಡಿದ್ದೆ, ಮಾತಿಗೆ ಮಾತು ಅದೇ.

ಕ್ಯಾಪ್ಟನ್ ಹತ್ತಿರ ಹೋಗಿ ಸಹಿ ಹಾಕಿದ ಕಾಗದ ವಾಪಸು ಬೇಕು ಅಂದೆ. ಅವರು ಡ್ರಾಯರ್ ಎಳೆದು ತೆಗೆದುಕೊಟ್ಟರು. ಕಳಿಸಿಯೇ ಇರಲಿಲ್ಲ.

ಆಮೇಲೆ ಸೆಲ್ವಂ ಸಾರ್ ಹತ್ತಿರ ಹೋದೆ. ಹದಿನೆಂಟು ಪೈಸೆ ಓದಿ ಹೇಳಿದೆ. ಟಿಪ್ಪಣಿ ಹದಿನಾಲ್ಕನ್ನೂ ಓದಿಸಿಕೊಂಡರು. "ನಿಮ್ಮ ದೊಡ್ಡವ್ವ ತಪ್ಪು ಮಾಡಿದ್ರು ಅಂತ ಒಪ್ಕೊಂಡವ್ರಲ್ಲ, ಅದ್ಕೇ ಈ ಲೆಕ್ಕ ನಂಬ್ತೀನಿ" ಅಂದರು. ನೀವೂ ಬನ್ನಿ ಸಾರ್ ಅಂದೆ. ಅವರ ಕರಾರೂ ಮುಗಿದಿತ್ತು.

"ಇಬ್ರೂ ಇಳಿದ್ರೆ ಜನರೇಟರ್ ಯಾರು ನೋಡ್ತಾರವ್ವ? ಅದು ನಿಂತ್ರೆ ನೀರಿಲ್ಲ, ದೀಪ ಇಲ್ಲ. ಮೇಲೆ ಇನ್ನೂ ಹನ್ನೊಂದ್ ಜನ ಅವ್ರೆ. ನೀ ಓಗು. ಓಗಿ ನಾವಿಕರ ಸಂಘದಲ್ಲಿ ನಮ್ಮೆಲ್ಲರ ಹೆಸರು ಬರೆಸು."

ತೋಮಸಣ್ಣ ಮತ್ತು ನಾನು ಇಪ್ಪತ್ತಕ್ಕೆ ಇಳಿದೆವು. ಟಿಕೆಟ್ಟು ಸಂಘದವರದೇ. ಹಡಗಿನಲ್ಲಿ ಉಳಿದ ಹನ್ನೆರಡು ಜನರ ಹೆಸರೂ ಬರೆಸಿದ್ದೇನೆ, ಸಂಬಳದ ಅರ್ಜಿಯೂ ಕೊಟ್ಟಿದ್ದೇವೆ. ದೋಣಿ ದೂರವಾಗುವಾಗ ಹಿಂತಿರುಗಿ ನೋಡಿದೆ. ಬಿಸಿಲಿನ ಮಬ್ಬಿನಲ್ಲಿ ಹಡಗು ಮೊದಲು ಬಣ್ಣ ಕಳೆದುಕೊಂಡಿತು, ಆಮೇಲೆ ಅಂಚು ಕಳೆದುಕೊಂಡಿತು. ಸೆಲ್ವಂ ಸಾರ್ ಕೈ ಬೀಸುತ್ತಿದ್ದರೋ, ಅಥವಾ ಮೇಲೆ ಬಟ್ಟೆ ಒಣಗುತ್ತಿತ್ತೋ, ಹೇಳಲಾರೆ.

ಸರಿ ಮಾಡಿದೆನೇ ದೊಡ್ಡವ್ವ?

ರಂಜನಿ


ಧನಗೆರೆ
18 ಆಗಸ್ಟ್ 2025

ತಾಳವಾಡಿ ಸೆಲ್ವಂ ಅವರಿಗೆ, ನೀವು ನೋಡಿರದ ಪುಟ್ಟಗೌರಮ್ಮ ಬರೆಯುವುದು.

ಮಂಡಿನೋವು ಹೇಗಿದೆ ತಮ್ಮ? ಕ್ಯಾಪ್ಟನ್ ಅಹಲುವಾಲಿಯಾ ಅವರು ಆರೋಗ್ಯವಾಗಿದ್ದಾರೆಯೇ? ಅವರ ಹೆಸರು ಬರೆಯುವುದನ್ನು ರಂಜನಿಯ ಹತ್ತಿರ ಕೂತು ಕಲಿತೆ. ವೈರ್‌ಮನ್ ಬಿಸ್ವಾಸ್ ಅವರ ಹಲ್ಲು? ಎಣ್ಣೆ ಹಾಕುವ ಜೋಸೆಫ್, ಮುರುಗನ್? ಉಳಿದವರ ಹೆಸರೂ ನನ್ನಲ್ಲಿವೆ, ಸಂಘಕ್ಕೆ ಕೊಟ್ಟ ಪಟ್ಟಿಯ ಜೆರಾಕ್ಸ್ ದೇವರ ಗೂಡಿನಲ್ಲಿಟ್ಟಿದ್ದೇನೆ. ಹನ್ನೆರಡು ಜನರನ್ನೂ ಕೇಳಿದೆ ಅನ್ನಿ.

ರಂಜನಿ ಹದಿನೈದು ದಿನದಿಂದ ನನ್ನ ಜೊತೆಗಿದ್ದಾಳೆ. ಬೆಳಿಗ್ಗೆ ಸಂಘಕ್ಕೆ, ಕಚೇರಿಗಳಿಗೆ ಫೋನು ಮಾಡುತ್ತಾಳೆ. ಮಿಕ್ಕ ಹೊತ್ತು ಕೆರೆ ಏರಿಯ ಮೇಲೆ ಕೂರುತ್ತಾಳೆ. ಸರಿ ಮಾಡಿದೆನೇ ಎಂದು ಅವಳು ಕೇಳಿದ್ದಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಆ ಉತ್ತರ ನನ್ನ ಹತ್ತಿರ ಇಲ್ಲ, ನಿಮ್ಮ ಹತ್ತಿರ ಇದೆ. ಅದಕ್ಕೇ ಈ ಕಾಗದ.

ನಾನು ಒಂದು ಕಾಲದಲ್ಲಿ ಸಂಬಳ ನಿಲ್ಲಿಸಿದ ಯಜಮಾನಿ. ಅತ್ತ ಕಡೆಯಿಂದ ನೋಡಿದ್ದನ್ನು ಹೇಳುತ್ತೇನೆ. ಮುಂದಿನ ತಿಂಗಳು ಕಂಪನಿಯವರು ನಿಮಗೆ ಏನಾದರೂ ಒಂದು ಬಾಗಿಲು ತೆಗೆದು ತೋರಿಸುತ್ತಾರೆ. ಹೊಸ ಬಾಡಿಗೆ ಬಂತು, ಹಡಗು ಮಾರಾಟವಾಗುತ್ತಿದೆ, ಹೀಗೆ. ಸುಳ್ಳೆಂದು ಹೇಳಲಾರೆ. ಆದರೆ ಕೈಗೆ ಎಷ್ಟು ಬಂತು ಎಂದು ಮಾತ್ರ ಕೇಳಿ. ನೀರು ಎಷ್ಟಿದೆ, ಎಣ್ಣೆ ಎಷ್ಟಿದೆ, ಯಾರಿಗೆ ಏನು ಕಾಯಿಲೆ, ದಿನಾ ತಾರೀಕು ಹಾಕಿ ಬರೆದಿಡಿ. ನಿಮ್ಮ ಬದಲಿಗೆ ಇನ್ನೊಬ್ಬ ಇಂಜಿನಿಯರನ್ನು ಕಳಿಸಲು ಸಂಘದವರು ಕೋರ್ಟಿನ ಮೂಲಕ ಕೇಳುತ್ತಿದ್ದಾರೆ. ಆ ಮನುಷ್ಯ ಬಂದ ದಿನ ಇಳಿದುಬಿಡಿ. ಇಷ್ಟು ದಿನ ಇದ್ದೆನಲ್ಲ ಎಂದು ಇನ್ನೊಂದು ದಿನವೂ ಇರಬೇಡಿ. ಇದು ನನ್ನ ಮಾತಲ್ಲ, ಕೌದಳ್ಳಿಯ ಕೆಂಪಾಜಮ್ಮನದು. ಇಳಿದು ಬಂದರೆ ಊಟಕ್ಕೆ ಕರೆದಿದ್ದಾಳೆ. ತಾಳವಾಡಿಯವರಿಗೆ ಮುದ್ದೆ ಹೇಳಿಕೊಡಬೇಕಿಲ್ಲ ಅಂದಳು.

ಹಡಗು ಕನಸಿನಲ್ಲಿ ಮತ್ತೆ ಬಂದಿತ್ತು. ಈ ಸಲ ಕೆರೆಯಲ್ಲಿ ಮಂಜು. ಹಡಗು ಪೂರಾ ಕಾಣುತ್ತಿರಲಿಲ್ಲ. ಅದರಿಂದ ಒಂದು ಎಳೆ ಮಾತ್ರ ನೀರಿನ ಮೇಲೆ ಬಂದು ನನ್ನ ಬೆರಳಿಗೆ ಸಿಕ್ಕಿತ್ತು. ಎಳೆದರೆ ಕಿತ್ತುಹೋಗುತ್ತದೆ, ಬಿಟ್ಟರೆ ಮುಳುಗುತ್ತದೆ. ಸುಮ್ಮನೆ ಹಿಡಿದುಕೊಂಡು ನಿಂತಿದ್ದೆ. ಒಳಗೆ ಜನರೇಟರಿನ ಸದ್ದು ಕೇಳಿಸುತ್ತಿತ್ತು. ಎದ್ದ ಮೇಲೂ ಸ್ವಲ್ಪ ಹೊತ್ತು ಕೇಳಿಸಿತು.

ಇದನ್ನು ಮಾಲಿನಿ ಇವತ್ತೇ ಕಳಿಸುತ್ತಾಳೆ. ನೀರಿನ ದೋಣಿ ಬಂದಾಗಲೋ, ಹಡಗು ದಡದ ಹತ್ತಿರ ಸರಿದಾಗಲೋ ನಿಮಗೆ ಮುಟ್ಟುತ್ತದೆ. ದೊಡ್ಡ ಕಾಗದ ಬೇಡ. ಎಲ್ಲರೂ ಇದ್ದೀವಿ ಅಂತ ಎರಡು ಸಾಲು ಬೇಗ ಬರೀರಿ ತಮ್ಮ. ಹುಡುಗಿ ಏರಿ ಮೇಲೆ ಕೂತವ್ಳೆ.